ಮ್ಯೂನಿಕ್‌ನಲ್ಲಿ ಆಫೀಸ್ ಕೆಲಸ, ಆಲ್ಪ್ಸ್‌ನಲ್ಲಿ ಮೂರು ದಿನ: ಟೆಂಟ್ ಒಯ್ಯಲೋ ಬೇಡವೋ?

ಪ್ರಶ್ನೆ: ನಾನು ಉಡುಪಿಯವನು. ಮಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ಕೆಲಸ. ಸೆಪ್ಟೆಂಬರ್ ಮೊದಲ ಎರಡು ವಾರ ಮ್ಯೂನಿಕ್‌ಗೆ ಕಳಿಸುತ್ತಿದ್ದಾರೆ. ಕೆಲಸ ಶುಕ್ರವಾರ ಮುಗಿಯುತ್ತದೆ. ರಜೆ ಹಾಕಿದರೆ ವಾಪಸ್ ಟಿಕೆಟನ್ನು ಮುಂದಿನ ಗುರುವಾರಕ್ಕೆ ಮಾಡಿಕೊಡುತ್ತೇವೆ ಅಂದಿದ್ದಾರೆ. ಕುದುರೆಮುಖ, ಕುಮಾರಪರ್ವತ ಎರಡೂ ಹತ್ತಿದ್ದೇನೆ. ಆಲ್ಪ್ಸ್‌ನಲ್ಲಿ ಟೆಂಟ್ ಹೊತ್ತುಕೊಂಡು ಮೂರ್ನಾಲ್ಕು ದಿನ ಒಬ್ಬನೇ ನಡೆಯಬೇಕು ಅಂತ ಆಸೆ. ಮೊಟ್ಟೆ ತಿನ್ನುತ್ತೇನೆ, ಮೀನು-ಮಾಂಸ ಇಲ್ಲ. ಆಫೀಸ್ ಬಟ್ಟೆಯ ಜೊತೆ ಇದನ್ನೆಲ್ಲ ಹೇಗೆ ಹೊಂದಿಸುವುದು? ಎಲ್ಲಿಗೆ ಹೋಗಬಹುದು?

ಉತ್ತರ: ಮೊದಲು ಟೆಂಟ್ ವಿಷಯ ಮುಗಿಸೋಣ. ಒಯ್ಯಬೇಡಿ. ಜರ್ಮನಿಯಲ್ಲಿ ಕಂಡಕಂಡಲ್ಲಿ ಟೆಂಟ್ ಹಾಕುವ ಹಾಗಿಲ್ಲ. ನಾನು ನಿಮಗೆ ಹೇಳಲಿರುವ ಜಾಗ ರಾಷ್ಟ್ರೀಯ ಉದ್ಯಾನದ ಒಳಗಿದೆ, ಅಲ್ಲಂತೂ ಸಿಕ್ಕಿಬಿದ್ದರೆ ದಂಡ. ಟೆಂಟ್ ಬಂದರೆ ಅದರ ಹಿಂದೆಯೇ ಸ್ಲೀಪಿಂಗ್ ಬ್ಯಾಗ್, ಮ್ಯಾಟ್, ಸ್ಟವ್, ಪಾತ್ರೆ ಎಲ್ಲ ಬರುತ್ತವೆ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತೆಯೇ ಇಲ್ಲ, ಚೆಕ್-ಇನ್ ಲಗೇಜಿನಲ್ಲೂ ಇಲ್ಲ. ಟೆಂಟ್ ಬಿಟ್ಟರೆ ಬೆನ್ನ ಮೇಲಿನ ಹೊರೆ ಹದಿನಾಲ್ಕು ಕಿಲೋದಿಂದ ಏಳೆಂಟು ಕಿಲೋಗೆ ಇಳಿಯುತ್ತದೆ. ನಿಮ್ಮ ಸೂಟ್‌ಕೇಸ್ ಚಿಂತೆಯೂ ಅರ್ಧ ಕಡಿಮೆಯಾಯಿತು ಅಂತಲೇ ಲೆಕ್ಕ.

ಟೆಂಟ್ ಇಲ್ಲದಿದ್ದರೆ ಮಲಗುವುದೆಲ್ಲಿ? ಆಲ್ಪ್ಸ್‌ನ ದೊಡ್ಡ ಅನುಕೂಲವೇ ಅದು. ಜರ್ಮನಿಯ ಆಲ್ಪೈನ್ ಕ್ಲಬ್, ಅಂದರೆ ಬೆಟ್ಟ ಹತ್ತುವವರ ಸಂಘ, 1869ರಲ್ಲಿ ಮ್ಯೂನಿಕ್‌ನಲ್ಲೇ ಹುಟ್ಟಿದ್ದು. ಆಸ್ಟ್ರಿಯಾದ್ದು ಅದಕ್ಕಿಂತ ಏಳು ವರ್ಷ ಹಿಂದಿನದು. ಇಂಥ ಕ್ಲಬ್‌ಗಳು ಒಂದು ದಿನದ ನಡಿಗೆಗೊಂದರಂತೆ ಬೆಟ್ಟದ ಮೇಲೆ ಹಟ್‌ಗಳನ್ನು ಕಟ್ಟಿ ನಡೆಸುತ್ತಿವೆ. ಹಟ್ ಅಂದ ಕೂಡಲೇ ಕುಮಾರಪರ್ವತದ ದಾರಿಯ ಭಟ್ಟರ ಮನೆಯನ್ನು ನೆನಪಿಸಿಕೊಳ್ಳಬೇಡಿ. ಇವು ನೂರಾರು ಜನ ಮಲಗುವ ಕಲ್ಲಿನ ಕಟ್ಟಡಗಳು. ಬಿಸಿ ಊಟ, ಕಂಬಳಿ, ದಿಂಬು, ಒದ್ದೆ ಬೂಟು ಒಣಗಿಸಲು ಒಂದು ಕೋಣೆ ಎಲ್ಲ ಇರುತ್ತದೆ. ಸ್ನಾನ ಮಾತ್ರ ಮರೆತುಬಿಡಿ.

ಹಾಗಾಗಿ ಪ್ಲಾನ್ ಶುರು ಮಾಡಬೇಕಾದ್ದು ದಾರಿಯಿಂದ ಅಲ್ಲ, ಹಾಸಿಗೆಯಿಂದ. ಕೆಲಸದ ಮೇಲೆ ಹೋಗುವವರು ಇಲ್ಲೇ ಎಡವುವುದು. ಎರಡು ತಿಂಗಳು ಕೂತು ಚಂದದ ದಾರಿ ಹುಡುಕುತ್ತಾರೆ. ಕೊನೆಗೆ ಬುಕ್ ಮಾಡಲು ಹೋದರೆ ಶನಿವಾರ ರಾತ್ರಿ ಎಲ್ಲಿಯೂ ಜಾಗ ಇರುವುದಿಲ್ಲ. ಮ್ಯೂನಿಕ್‌ನ ಅರ್ಧ ಊರು ವಾರಾಂತ್ಯಕ್ಕೆ ಬೆಟ್ಟಕ್ಕೇ ಹೋಗುತ್ತದೆ. ಆದರೆ ನಿಮ್ಮ ಹತ್ತಿರ ಅವರ ಬಳಿ ಇಲ್ಲದ ಒಂದು ವಸ್ತು ಇದೆ: ಸೋಮವಾರ ಮತ್ತು ಮಂಗಳವಾರ. ಅದನ್ನೇ ಬಳಸಿಕೊಳ್ಳಿ. ಭಾನುವಾರ ಬೆಳಿಗ್ಗೆ ಹೊರಟು ಮಂಗಳವಾರ ಸಂಜೆ ಇಳಿಯಿರಿ. ಎರಡು ರಾತ್ರಿ ಬೆಟ್ಟದ ಮೇಲೆ. ಬುಧವಾರ ಪೂರ್ತಿ ಖಾಲಿ ಇರಲಿ. ಮಳೆಯೋ, ಕಾಲು ಉಳುಕಿದ್ದೋ, ರೈಲು ತಪ್ಪಿದ್ದೋ ಏನಾದರೂ ಆದರೆ ಅದನ್ನು ನುಂಗಲು ಆ ದಿನ ಬೇಕು. ಬುಧವಾರ ಇಳಿದು ಗುರುವಾರ ವಿಮಾನ ಹತ್ತುತ್ತೇನೆ ಅನ್ನುವ ಲೆಕ್ಕ ಕಾಗದದ ಮೇಲೆ ಚಂದ, ಅಷ್ಟೇ.

ಶನಿವಾರ ಏನು ಮಾಡುವುದು? ನಿದ್ದೆ ಮಾಡಿ, ಮತ್ತೆ ಅಂಗಡಿಗೆ ಹೋಗಿ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ. ನಮ್ಮ ಹಾಗೆ ಹೋಗುವ ದಾರಿಯಲ್ಲಿ ತಗೊಂಡರಾಯಿತು ಅಂದುಕೊಂಡರೆ ಕೆಲಸ ಕೆಟ್ಟಿತು. ಬ್ರೆಡ್, ಚೀಸ್, ಬಾದಾಮಿ, ಬ್ಯಾಂಡೇಜ್, ನಗದು ಎಲ್ಲವೂ ಶನಿವಾರವೇ ಕೈಯಲ್ಲಿರಲಿ.

ಇನ್ನು ಜಾಗ. ಆರು ದಿನದ ಹೆಸರುವಾಸಿ ದಾರಿಗಳನ್ನು ಮೂರು ದಿನಕ್ಕೆ ಕತ್ತರಿಸಿ ನಡೆಯುವುದಕ್ಕಿಂತ ಮೂರು ದಿನಕ್ಕೇ ಹೊಂದುವ ಒಂದು ಸುತ್ತು ಒಳ್ಳೆಯದು. ನಾನು ಹೇಳುವುದು ಬೆರ್ಚ್‌ಟೆಸ್‌ಗಾಡೆನ್. ಮ್ಯೂನಿಕ್‌ನಿಂದ ರೈಲಿನಲ್ಲಿ ಮೂರು ಗಂಟೆಯೊಳಗೆ ಸಿಗುತ್ತದೆ. ಸಾಮಾನ್ಯವಾಗಿ ಫ್ರೈಲಾಸಿಂಗ್‌ನಲ್ಲಿ ರೈಲು ಬದಲಿಸಬೇಕು. ಬಯರ್ನ್ ಟಿಕೆಟ್ ಅಂತ ಒಂದು ಇಡೀ ದಿನದ ಟಿಕೆಟ್ ಸಿಗುತ್ತದೆ. ಅದು ಪ್ರಾದೇಶಿಕ ರೈಲುಗಳಿಗೆ ಮಾತ್ರ, ವೇಗದ ರೈಲುಗಳಿಗೆ ನಡೆಯುವುದಿಲ್ಲ. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರವಷ್ಟೇ ಚಾಲ್ತಿ. ಭಾನುವಾರ ಆ ತೊಂದರೆ ಇಲ್ಲ, ನಸುಕಿಗೇ ಹೊರಡಬಹುದು.

ಅಲ್ಲಿಂದ ಬಸ್ಸಿನಲ್ಲಿ ಕೋನಿಗ್‌ಸೇ ಸರೋವರದ ದಡಕ್ಕೆ. ಮುಂದಕ್ಕೆ ದೋಣಿ. 1909ರಿಂದಲೇ ಇಲ್ಲಿ ಬ್ಯಾಟರಿ ದೋಣಿಗಳು ಓಡುತ್ತಿವೆ. ನಡುನೀರಿನಲ್ಲಿ ದೋಣಿ ನಿಲ್ಲಿಸಿ ಬಂಡೆಗೆ ಮುಖ ಮಾಡಿ ಕಹಳೆ ಊದುತ್ತಾರೆ, ಪ್ರತಿಧ್ವನಿ ಕೇಳಿಸಲು. ಪ್ರವಾಸಿಗರ ಗೌಜಿ ಅಂತ ಮೂಗು ಮುರಿಯಬೇಡಿ, ನಿಜಕ್ಕೂ ಚೆನ್ನಾಗಿದೆ. ಸೇಂಟ್ ಬಾರ್ಥೊಲೊಮೆ ಅನ್ನುವಲ್ಲಿ ಇಳಿದರೆ ಕೆಂಪು ಗುಮ್ಮಟದ ಚರ್ಚು. ಜನ ಎಲ್ಲ ಅಲ್ಲೇ ಫೋಟೋ ತೆಗೆಯುತ್ತಾ ಉಳಿಯುತ್ತಾರೆ. ನೀವು ಕಾಡಿನ ದಾರಿ ಹಿಡಿಯಿರಿ.

ಮೊದಲ ದಿನ ಕೇರ್ಲಿಂಗರ್‌ಹೌಸ್‌ಗೆ. ದೋಣಿಕಟ್ಟೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್, ಹಟ್ 1,630 ಮೀಟರ್ ಚಿಲ್ಲರೆ. ಸಾವಿರ ಮೀಟರ್ ಏರು. ಜೌಗಾಸೆ ಅನ್ನುವ ಇಕ್ಕಟ್ಟು ಕಣಿವೆಯಲ್ಲಿ ದಾರಿ ನಮ್ಮ ಆಗುಂಬೆ ಘಾಟಿಯ ತಿರುವುಗಳ ಹಾಗೆ ಅತ್ತಿತ್ತ ಬಳುಕುತ್ತಾ ಏರುತ್ತದೆ, ಬಸ್ಸು ಮಾತ್ರ ಇಲ್ಲ. ಮೇಲೆ ಹಟ್ ಪಕ್ಕ ಫುಂಟನ್‌ಸೇ ಅನ್ನುವ ಪುಟ್ಟ ಕೆರೆ. ಸುತ್ತ ಗುಡ್ಡ, ನಡುವೆ ತಗ್ಗು, ತಂಪು ಗಾಳಿ ಕೆಳಗೆ ಇಳಿದರೆ ಹೊರಗೆ ಹೋಗಲು ದಾರಿಯಿಲ್ಲ. ಹಾಗಾಗಿ 2001ರ ಡಿಸೆಂಬರ್ 24ರಂದು ಇಲ್ಲಿ ಮೈನಸ್ 45.9 ಡಿಗ್ರಿ ದಾಖಲಾಗಿತ್ತು. ಸೆಪ್ಟೆಂಬರಿನಲ್ಲಿ ಅಷ್ಟೇನೂ ಇಲ್ಲ. ಆದರೂ ಬೆಳಿಗ್ಗೆ ಹುಲ್ಲಿನ ಮೇಲೆ ಬಿಳಿ ಮಂಜು ಕಟ್ಟಿದ್ದರೆ ಆಶ್ಚರ್ಯಪಡಬೇಡಿ.

ಎರಡನೇ ದಿನ ಸ್ಟೈನರ್ನೆಸ್ ಮೇರ್ ಅನ್ನುವ ಸುಣ್ಣಕಲ್ಲಿನ ಬಯಲು ದಾಟಿ ಇಂಗೋಲ್‌ಸ್ಟೇಟರ್ ಹೌಸ್‌ಗೆ. ಇದು 2,119 ಮೀಟರ್ ಎತ್ತರದಲ್ಲಿದೆ. ಅಂದರೆ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ ನೀವು ಮಲಗುತ್ತೀರಿ. ನಡುವೆ ಗಡಿ ದಾಟಿ ಆಸ್ಟ್ರಿಯಾಕ್ಕೆ ಕಾಲಿಟ್ಟಿರುತ್ತೀರಿ, ಪಾಸ್‌ಪೋರ್ಟ್ ಜೊತೆಗಿರಲಿ. ನಡೆಯುವ ದೂರ ಜಾಸ್ತಿ ಇಲ್ಲ. ಆದರೆ ಕರಾವಳಿಯವರಿಗೆ ಇಲ್ಲಿ ಒಂದು ಹೊಸ ಸಂಗತಿ ಇದೆ: ನೀರಿಲ್ಲ. ನಮ್ಮ ಘಟ್ಟದಲ್ಲಿ ಹತ್ತು ಹೆಜ್ಜೆಗೊಂದು ತೊರೆ ಸಿಗುತ್ತದೆ, ಬಾಟಲಿ ತುಂಬಿಸುವುದು ಒಂದು ಕೆಲಸ ಅಂತ ಅನಿಸುವುದೇ ಇಲ್ಲ. ಸುಣ್ಣಕಲ್ಲಿನಲ್ಲಿ ಮಳೆ ನೀರು ಬಿರುಕುಗಳಿಂದ ನೇರ ಒಳಗೆ ಇಳಿದುಬಿಡುತ್ತದೆ. ಮೇಲೆ ಬರೀ ಬಿಳಿ ಕಲ್ಲು, ಅದರ ಮೇಲೆ ನೀರು ಕೊರೆದ ಚೂಪು ಗೀರುಗಳು, ಅಲ್ಲಲ್ಲಿ ಹೊಂಡ. ಹಟ್‌ನಿಂದ ಹೊರಡುವಾಗಲೇ ಎರಡೂವರೆ ಲೀಟರ್ ತುಂಬಿಸಿಕೊಳ್ಳಿ. ಹಟ್‌ನ ನಲ್ಲಿ ನೀರು ಕುಡಿಯಬಹುದೇ ಅಂತ ಕೇಳಿಯೇ ಕುಡಿಯಿರಿ. ಎಷ್ಟೋ ಕಡೆ ಅದು ಕೂಡಿಟ್ಟ ಮಳೆ ನೀರು.

ಇನ್ನೊಂದು ಅಪಾಯ ಮಂಜು. ಬಿಳಿ ಕಲ್ಲಿನ ಮೇಲೆ ಕೆಂಪು-ಬಿಳಿ ಬಣ್ಣದ ಗುರುತು ಹಚ್ಚಿರುತ್ತಾರೆ. ಮಂಜು ಕವಿದರೆ ಮುಂದಿನ ಗುರುತು ಕಾಣುವುದಿಲ್ಲ. ಆಗ ನೀವು ಕೊನೆಯದಾಗಿ ಕಂಡ ಗುರುತಿನ ಹತ್ತಿರವೇ ನಿಲ್ಲಬೇಕು, ಹುಡುಕುತ್ತಾ ಮುಂದೆ ಹೋಗಬಾರದು. ಮೊಬೈಲಿನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಆಲ್ಪೈನ್ ಕ್ಲಬ್‌ನ 1:25,000 ಕಾಗದದ ನಕ್ಷೆಯೂ ಒಂದಿರಲಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ಮೂರನೇ ದಿನವೇ ನಿಜವಾದ ಪರೀಕ್ಷೆ. ಮೊದಲು ಹುಂಡ್‌ಸ್ಟೋಡ್‌ಗಾಟರ್ಲ್ ಕಣಿವೆಬಾಯಿಗೆ ಚೂರು ಏರು. ಅಲ್ಲಿಂದ ಟ್ರಿಶ್ಯೂಬೆಲ್ ದಾಟಿ ವಿಂಬಾಖ್‌ಗ್ರೀಸ್ ಕಣಿವೆಗೆ ಇಳಿಜಾರು. ಹಟ್‌ನಿಂದ ಕೆಳಗಿನ ಬಸ್‌ಸ್ಟಾಪ್‌ವರೆಗೆ ಸುಮಾರು 1,500 ಮೀಟರ್ ಇಳಿಯಬೇಕು. ಕೊನೆಯ ಭಾಗದಲ್ಲಿ ಕಣಿವೆಯ ತುಂಬಾ ಜಲ್ಲಿ, ನೀರು ಅದರ ಅಡಿಯಲ್ಲಿ ಹರಿಯುತ್ತದೆ. ಎಡಬಲಗಳಲ್ಲಿ ವಾಟ್ಸ್‌ಮನ್ ಮತ್ತು ಹೋಖ್‌ಕಾಲ್ಟರ್ ಬೆಟ್ಟಗಳ ಗೋಡೆ. ನೋಡಲು ಎರಡು ಕಣ್ಣು ಸಾಲದು, ಆದರೆ ಮೊಣಕಾಲಿಗೆ ಇದೇ ದೊಡ್ಡ ಕೆಲಸ.

ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೀವೇ ಲೆಕ್ಕ ಹಾಕಬಹುದು. ಜರ್ಮನ್ನರ ಸೂತ್ರ ಹೀಗಿದೆ. ಗಂಟೆಗೆ 300 ಮೀಟರ್ ಏರು, 500 ಮೀಟರ್ ಇಳಿಜಾರು, 4 ಕಿಲೋಮೀಟರ್ ದೂರ. ಏರಿಳಿತಕ್ಕೆ ಎಷ್ಟು ಗಂಟೆ, ದೂರಕ್ಕೆ ಎಷ್ಟು ಗಂಟೆ ಅಂತ ಬೇರೆ ಬೇರೆ ಹಾಕಿ. ದೊಡ್ಡದು ಪೂರ್ತಿ, ಚಿಕ್ಕದು ಅರ್ಧ, ಎರಡನ್ನೂ ಕೂಡಿಸಿ. ಮೊದಲ ದಿನದ ಏರಿಗೇ ಮೂರೂವರೆ ಗಂಟೆ, ದೂರದ ಅರ್ಧ ಸೇರಿದರೆ ಹತ್ತಿರ ಹತ್ತಿರ ಐದು. ಮೂರನೇ ದಿನ ಆರೇಳು ಗಂಟೆ. ದಾರಿಯ ಬೋರ್ಡುಗಳಲ್ಲಿ ಬರೆದ ಸಮಯದಲ್ಲಿ ನೀವು ಕೂತು ಚಿಕ್ಕಿ ತಿನ್ನುವ ಹೊತ್ತು ಸೇರಿಲ್ಲ. ಮೊದಲ ಸಲ ಹೋಗುವವರು ಕಾಲು ಭಾಗ ಜಾಸ್ತಿ ಹಿಡಿಯಿರಿ.

ಎತ್ತರದ ಕಾಯಿಲೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಎಲ್ಲರೂ ಹೆದರುವುದು ಅದಕ್ಕೇ. ಹಿಮಾಲಯದ 4,000 ಮೀಟರಿಗೆ ಹೋಗುವುದಾದರೆ ನನ್ನ ಉತ್ತರವೇ ಬೇರೆ ಇರುತ್ತಿತ್ತು. ಎರಡು ಸಾವಿರ ಮೀಟರಿನಲ್ಲಿ ಸಮುದ್ರದ ಬದಿಯವರಿಗೂ ಒಂದಿಷ್ಟು ಏದುಸಿರು ಬಿಟ್ಟರೆ ಬೇರೆ ತೊಂದರೆ ಅಪರೂಪ. ಇಲ್ಲಿ ಕೈಕೊಡುವುದು ಉಸಿರಲ್ಲ, ತೊಡೆ ಮತ್ತು ಮೊಣಕಾಲು.

ತಯಾರಿಗೆ ಕಾಡಿಗೆ ಹೋಗಲೇಬೇಕು ಅಂತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಮಳೆ, ಜಿಗಣೆ, ಚಾರಣಕ್ಕೆ ಅರಣ್ಯ ಇಲಾಖೆಯ ನಿರ್ಬಂಧ ಬೇರೆ. ಹತ್ತು ಮಹಡಿಯ ಅಪಾರ್ಟ್‌ಮೆಂಟ್ ಇದ್ದರೆ ಸಾಕು. ಒಂದು ಮಹಡಿಗೆ ಮೂರು ಮೀಟರ್ ಹಿಡಿದರೆ ಹತ್ತು ಸಲ ಹತ್ತಿದಾಗ 300 ಮೀಟರ್ ಆಯಿತು. ಬ್ಯಾಗಿನಲ್ಲಿ ಐದು ಕಿಲೋ ಕುಚ್ಚಲಕ್ಕಿ ಹಾಕಿಕೊಳ್ಳಿ, ಆಮೇಲೆ ಎಂಟು. ಲಿಫ್ಟಿನಲ್ಲಿ ಇಳಿಯಬೇಡಿ. ಇಳಿಯುವುದಕ್ಕೇ ಈ ಅಭ್ಯಾಸ. ಮಳೆ ಬಿಟ್ಟ ದಿನ ಕದ್ರಿ ಗುಡ್ಡದ ಮೆಟ್ಟಿಲು, ಕಾರ್ಕಳದ ಗೊಮ್ಮಟಬೆಟ್ಟ. ವಾರಕ್ಕೆ ಮೂರು ದಿನ, ಎರಡು ತಿಂಗಳು ಮಾಡಿದರೆ ಆಗುತ್ತದೆ.

ಇನ್ನೊಂದು ಪರೀಕ್ಷೆ ಅಲ್ಲಿಯೇ ಮಾಡಿ. ಕೆಲಸದ ಎರಡು ವಾರಗಳ ನಡುವೆ ಒಂದು ವಾರಾಂತ್ಯ ಬರುತ್ತದಲ್ವಾ? ಆ ಶನಿವಾರ ಮ್ಯೂನಿಕ್‌ನಿಂದ ರೈಲಿನಲ್ಲಿ ಲೆಂಗ್‌ಗ್ರೀಸ್‌ಗೆ ಹೋಗಿ, ಬ್ರೌನೆಕ್ ಬೆಟ್ಟ ಹತ್ತಿ. ಸುಮಾರು 850 ಮೀಟರ್ ಏರು. ಪೂರ್ತಿ ಹೊರೆ ಹೊತ್ತು ಹತ್ತಿ, ಹೊತ್ತೇ ಇಳಿಯಿರಿ. ಅಲ್ಲಿ ಕೇಬಲ್ ಕಾರ್ ಇದೆ, ಮೊಣಕಾಲು ಬೇಡ ಅಂದರೆ ಅದರಲ್ಲಿ ಇಳಿಯಬಹುದು. ಹಾಗೆ ಇಳಿಯಬೇಕಾಗಿ ಬಂದರೆ ದೊಡ್ಡ ಸುತ್ತು ಬಿಡಿ. ಕೇರ್ಲಿಂಗರ್‌ಹೌಸ್‌ನಲ್ಲೇ ಎರಡು ರಾತ್ರಿ ಇದ್ದು, ನಡುವೆ ಬರಿಗೈಯಲ್ಲಿ ಸುತ್ತಾಡಿ, ಬಂದ ದಾರಿಯಲ್ಲೇ ದೋಣಿಕಟ್ಟೆಗೆ ವಾಪಸ್. ಹವಾಮಾನ ಕೆಟ್ಟರೂ ಇದೇ ಬದಲಿ ದಾರಿ. ಕೊನೆಯ ದೋಣಿ ಎಷ್ಟಕ್ಕೆ ಅಂತ ಹೋಗುವಾಗಲೇ ಬರೆದಿಟ್ಟುಕೊಳ್ಳಿ. ಅದು ತಪ್ಪಿದರೆ ಸೇಂಟ್ ಬಾರ್ಥೊಲೊಮೆಯಿಂದ ರಸ್ತೆಯೇ ಇಲ್ಲ.

ಬೂಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕುಮಾರಪರ್ವತಕ್ಕೆ ಹಾಕಿದ ಬೂಟು ಕಪಾಟಿನಲ್ಲಿ ಇದ್ದರೆ ಇವತ್ತೇ ಹೊರಗೆ ತೆಗೆಯಿರಿ. ಮೇಲಿನ ಬೂಸ್ಟು ಒರೆಸಿದರೆ ಹೋಗುತ್ತದೆ. ಸಮಸ್ಯೆ ಇರುವುದು ಅಡಿಯಲ್ಲಿ. ಹೆಚ್ಚಿನ ಬೂಟುಗಳ ಸೋಲ್ ಮತ್ತು ಮೇಲ್ಭಾಗದ ನಡುವೆ ಪಾಲಿಯುರೆಥೇನ್ ಪದರ ಇರುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಅದು ವರ್ಷಗಟ್ಟಲೆ ಒಳಗೊಳಗೇ ಕೊಳೆಯುತ್ತದೆ. ಹಾಕದೆ ಇಟ್ಟರೂ ಕೊಳೆಯುತ್ತದೆ. ಹೊರಗಿನಿಂದ ಬೂಟು ಹೊಸದರಂತೆಯೇ ಕಾಣುತ್ತದೆ. ಹೆಬ್ಬೆರಳಿನಿಂದ ಆ ಪದರವನ್ನು ಒತ್ತಿ ನೋಡಿ. ಸಣ್ಣ ಬಿರುಕು ಕಂಡರೆ, ಇಲ್ಲವೇ ಪುಡಿ ಉದುರಿದರೆ ಆ ಬೂಟು ಬೇಡ. ಇಂಥದ್ದರ ಅಡಿ ಎರಡನೇ ದಿನ ಕಲ್ಲಿನ ಮೇಲೆ ಪೂರ್ತಿ ಕಳಚಿ ಬರುತ್ತದೆ. ಹೊಸದು ತಗೊಳ್ಳುವುದಾದರೆ ಜುಲೈಯಲ್ಲೇ ತಗೊಂಡು ಅದನ್ನೇ ಹಾಕಿ ಮೆಟ್ಟಿಲು ಹತ್ತಿ. ವಿಮಾನಕ್ಕೂ ಅದನ್ನೇ ಹಾಕಿಕೊಂಡು ಹೋಗಿ. ಸೂಟ್‌ಕೇಸಿನಲ್ಲಿ ಜಾಗ ಉಳಿಯುತ್ತದೆ, ಲಗೇಜ್ ಕಳೆದರೂ ಬೂಟು ಉಳಿಯುತ್ತದೆ.

ಉಳಿದ ಸಾಮಾನು ಸುಲಭ. ಮೂವತ್ತೈದು ಲೀಟರಿನ ಬ್ಯಾಗೊಂದನ್ನು ಕ್ಯಾಬಿನ್ ಬ್ಯಾಗಾಗಿ ಒಯ್ಯಿರಿ. ಪವರ್ ಬ್ಯಾಂಕ್ ಅದರಲ್ಲೇ ಇರಲಿ, ಚೆಕ್-ಇನ್‌ನಲ್ಲಿ ಬಿಡುವುದಿಲ್ಲ. ವಾಕಿಂಗ್ ಸ್ಟಿಕ್ ಉಲ್ಟಾ, ಅದು ಚೆಕ್-ಇನ್‌ಗೆ ಹೋಗಲಿ. ಆಫೀಸ್ ಬಟ್ಟೆ, ಲ್ಯಾಪ್‌ಟಾಪ್ ಎಲ್ಲ ಸೂಟ್‌ಕೇಸ್ ಸಮೇತ ಹೋಟೆಲಿನಲ್ಲಿ ಬಿಟ್ಟುಹೋಗಿ. ಬುಧವಾರ ರಾತ್ರಿಗೂ ಅದೇ ಹೋಟೆಲಿನಲ್ಲಿ ರೂಮ್ ಹಿಡಿದರೆ ಅವರು ಇಟ್ಟುಕೊಳ್ಳುತ್ತಾರೆ. ಕಂಪೆನಿಯ ಲ್ಯಾಪ್‌ಟಾಪನ್ನು ಬೆಟ್ಟಕ್ಕೆ ಹೊರುವ ಯೋಚನೆ ಬೇಡ. "ಎಮರ್ಜೆನ್ಸಿ ಬಂದರೆ?" ಅನ್ನುವ ಮ್ಯಾನೇಜರ್‌ಗೆ, ಭಾನುವಾರದಿಂದ ಮಂಗಳವಾರದವರೆಗೆ ಸಿಗುವುದಿಲ್ಲ ಅಂತ ಬರವಣಿಗೆಯಲ್ಲೇ ತಿಳಿಸಿ.

ಹಟ್‌ಗಳಲ್ಲಿ ಕಂಬಳಿ ಕೊಡುತ್ತಾರೆ, ಆದರೆ ನಿಮ್ಮದೇ ತೆಳು ಚೀಲದೊಳಗೆ ಮಲಗಬೇಕು, ಅದು ಕಡ್ಡಾಯ. ಅಂಗಡಿಯಲ್ಲಿ ಸಿಗುತ್ತದೆ, ಬೆಲೆ ಕೇಳಿದರೆ ಬೇಡ ಅನಿಸುತ್ತದೆ. ಒಂದು ಡಬಲ್ ಪಂಚೆಯನ್ನು ಉದ್ದಕ್ಕೆ ಎರಡಾಗಿ ಮಡಚಿ ಎರಡು ಬದಿ ಹೊಲಿಸಿಬಿಡಿ. ಟೈಲರ್ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾನೆ. ಹತ್ತಿ ಬಟ್ಟೆ ಒಳ್ಳೆಯದಾಗುವುದು ಅಲ್ಲಿ ಮಾತ್ರ. ಮೈಮೇಲೆ ಹತ್ತಿ ಬೇಡ, ಜೀನ್ಸ್ ಅಂತೂ ಬೇಡವೇ ಬೇಡ. ಬೆವರಿಗೆ ಒದ್ದೆಯಾದದ್ದು ಒಣಗುವುದಿಲ್ಲ. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿ ಇಳಿಯುತ್ತದೆ. ಮ್ಯೂನಿಕ್‌ನಲ್ಲಿ 22 ಇದ್ದರೆ ಎರಡನೇ ಹಟ್‌ನಲ್ಲಿ ಹಗಲೇ 12, ರಾತ್ರಿ ಇನ್ನೂ ಕಡಿಮೆ. ಉಣ್ಣೆಯ ಅಥವಾ ಸಿಂಥೆಟಿಕ್ ಒಳಂಗಿ ಎರಡು, ಒಂದು ಬೆಚ್ಚಗಿನ ಜಾಕೆಟ್, ಟೊಪ್ಪಿ, ಕೈಗವಸು. ಸ್ಕೂಟರಿಗೆ ಹಾಕುವ ರೇನ್‌ಕೋಟ್ ಒಯ್ಯಬೇಡಿ. ಹೊರಗಿನ ಮಳೆ ತಡೆಯುತ್ತದೆ, ಒಳಗಿನ ಬೆವರಿನಲ್ಲೇ ನೆನೆಸಿಬಿಡುತ್ತದೆ. ಗಾಳಿಯಾಡುವ ಮಳೆ ಜಾಕೆಟ್‌ಗೆ ಮಾತ್ರ ದುಡ್ಡು ಖರ್ಚು ಮಾಡಿ.

ಊಟಕ್ಕೆ ಪರದಾಡಬೇಕಿಲ್ಲ, ಮೊಟ್ಟೆ ತಿನ್ನುತ್ತೀರಲ್ಲ. ಕೇಸ್‌ಶ್ಪೆಟ್ಸ್ಲೆ ಅನ್ನುವ ಚೀಸ್ ಹಾಕಿದ ಮೊಟ್ಟೆ ನೂಡಲ್ಸ್ ಹೆಚ್ಚಿನ ಹಟ್‌ಗಳಲ್ಲಿ ಇರುತ್ತದೆ. ಕೈಸರ್‌ಶ್ಮಾರ್ನ್ ಅನ್ನುವ ಸಿಹಿ ದೋಸೆಯ ಚೂರುಗಳನ್ನು ಊಟದ ಬದಲಿಗೇ ತಿನ್ನುತ್ತಾರೆ, ಹೊಟ್ಟೆ ಭರ್ತಿ. ಎಚ್ಚರ ಬೇಕಾದ್ದು ಸೂಪಿನಲ್ಲಿ. ಬೇಳೆ ಸೂಪು ಅಂತ ಖುಷಿಯಿಂದ ತಗೊಂಡರೆ ಒಳಗೆ ಹಂದಿ ಮಾಂಸದ ಚೂರು ಇರುತ್ತದೆ. "ಓನೆ ಫ್ಲೈಶ್, ಓನೆ ಶ್ಪೆಕ್" (ಮಾಂಸ ಇಲ್ಲದೆ, ಹಂದಿ ಕೊಬ್ಬು ಇಲ್ಲದೆ) ಅಂತ ಹೇಳಲು ಕಲಿತುಕೊಳ್ಳಿ. ಮನೆಯಿಂದ ಚಟ್ನಿಪುಡಿ, ಅವಲಕ್ಕಿ, ನೆಲಗಡಲೆ ಚಿಕ್ಕಿ ಒಯ್ಯಬಹುದು. ತುಪ್ಪ, ಪೇಡ, ಹಾಲಿನ ಯಾವುದೇ ತಿಂಡಿ ಬೇಡ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಅಮ್ಮ ಕಟ್ಟಿಕೊಟ್ಟದ್ದು ಅಂದರೆ ಕಸ್ಟಮ್ಸ್‌ನವರು ಕೇಳುವುದಿಲ್ಲ. ಹಟ್ ಖರ್ಚಿಗೆ ದಿನಕ್ಕೆ ಎಪ್ಪತ್ತೆಂಬತ್ತು ಯೂರೋ ಲೆಕ್ಕ ಹಾಕಿ, ನಗದಾಗಿಯೇ ಇರಲಿ.

ಇನ್ನು ಕಾಗದಪತ್ರ. ಬಿಸಿನೆಸ್ ವೀಸಾ ಅರ್ಜಿಯಲ್ಲೇ ಕಂಪೆನಿಯ ಪತ್ರದಲ್ಲಿ ಕೊನೆಯ ಐದಾರು ದಿನ ನಿಮ್ಮ ಸ್ವಂತ ರಜೆ, ಅದರ ಖರ್ಚು ನಿಮ್ಮದು ಅಂತ ಬರೆಸಿ. ಆಮೇಲೆ ವೀಸಾ ಚೀಟಿಯಲ್ಲಿ ಎರಡು ಕಡೆ ನೋಡಿ: ಕೊನೆಯ ದಿನಾಂಕ, ಮತ್ತೆ ಎಷ್ಟು ದಿನ ಇರಬಹುದು ಅನ್ನುವ ಸಂಖ್ಯೆ. ಗುರುವಾರವೂ ಸೇರಿ ಆ ಸಂಖ್ಯೆಯೊಳಗೆ ಇರಬೇಕು. ವಿಮೆಯಲ್ಲೂ ಇದೇ ತೊಡಕು. ಕಂಪೆನಿಯ ವಿಮೆ ಕೆಲಸದ ದಿನಗಳಿಗೆ ಮಾತ್ರ ಇರಬಹುದು. ಶೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇಕಾದ 30,000 ಯೂರೋ ವಿಮೆ ಇದ್ದರೂ ಬೆಟ್ಟ ಹತ್ತುವುದನ್ನು ಅದು ಹೊರಗಿಟ್ಟಿರಬಹುದು. ಹೆಲಿಕಾಪ್ಟರ್ ಬಿಲ್ ಸಾವಿರಾರು ಯೂರೋ. ಪರ್ವತ ರಕ್ಷಣೆಯ ಖರ್ಚು ಕೊಡುತ್ತೀರಾ ಅಂತ ಇಮೇಲಿನಲ್ಲಿ ಕೇಳಿ, ಉತ್ತರವನ್ನೂ ಇಮೇಲಿನಲ್ಲೇ ತರಿಸಿಕೊಳ್ಳಿ. ಆಲ್ಪೈನ್ ಕ್ಲಬ್ ಸದಸ್ಯತ್ವ ತಗೊಂಡರೆ ಹಟ್‌ನಲ್ಲಿ ರಿಯಾಯಿತಿ, ಜೊತೆಗೆ ರಕ್ಷಣಾ ವಿಮೆಯೂ ಬರುತ್ತದೆ. ಭಾರತದಲ್ಲಿ ವಾಸವಿರುವವರಿಗೆ ಅದು ಅನ್ವಯಿಸುತ್ತದೆಯೇ ಅಂತ ಷರತ್ತು ಓದಿ ತಗೊಳ್ಳಿ.

ಒಬ್ಬರೇ ಹೋಗಬಹುದೇ? ಈ ದಾರಿಯಲ್ಲಿ, ಸೆಪ್ಟೆಂಬರಿನಲ್ಲಿ, ಹವಾಮಾನ ಚೆನ್ನಾಗಿದ್ದರೆ ಹೋಗಬಹುದು. ಬೆಳಿಗ್ಗೆ ಏಳಕ್ಕೆ ಹೊರಟು ಮಧ್ಯಾಹ್ನ ಎರಡು-ಮೂರಕ್ಕೆ ಹಟ್ ಸೇರಿ. ಗುಡುಗು ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಪ್ರತಿ ಹಟ್‌ನಲ್ಲಿ ಒಂದು ಪುಸ್ತಕ ಇರುತ್ತದೆ. ನಿಮ್ಮ ಹೆಸರು, ಮುಂದೆ ಎಲ್ಲಿಗೆ ಅಂತ ಅದರಲ್ಲಿ ಬರೆಯಿರಿ. ಹುಡುಕಬೇಕಾಗಿ ಬಂದರೆ ಮೊದಲು ನೋಡುವುದೇ ಅದನ್ನು. ಹಟ್ ನಡೆಸುವವರು "ಇವತ್ತು ಬೇಡ" ಅಂದರೆ ವಾದ ಮಾಡಬೇಡಿ. ಸಹಾಯಕ್ಕೆ 112, ಎರಡೂ ದೇಶದಲ್ಲಿ ನಡೆಯುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಒಂದು ನಿಮಿಷದಲ್ಲಿ ಆರು ಸಲ ಸೀಟಿ ಅಥವಾ ಟಾರ್ಚ್, ಆಮೇಲೆ ಒಂದು ನಿಮಿಷ ಬಿಡುವು, ಮತ್ತೆ ಆರು. ಅತ್ತಲಿಂದ ನಿಮಿಷಕ್ಕೆ ಮೂರು ಸಲ ಬಂದರೆ ನಿಮ್ಮನ್ನು ಗಮನಿಸಿದ್ದಾರೆ ಅಂತ ಅರ್ಥ.

ಮನೆಯಲ್ಲಿ ಹೇಳುವಾಗ ಒಂದು ವಿಷಯ ನೆನಪಿಡಿ. ಉಡುಪಿಯಿಂದ 112 ಒತ್ತಿದರೆ ಸಿಗುವುದು ನಮ್ಮ ಪೊಲೀಸರು, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದವರಲ್ಲ. ಹಾಗಾಗಿ ಹಟ್‌ಗಳ ಹೆಸರು, ಫೋನ್ ನಂಬರ್, ಪ್ರತಿದಿನದ ದಾರಿ ಬರೆದ ಚೀಟಿಯನ್ನು ಮ್ಯೂನಿಕ್‌ನ ಒಬ್ಬ ಸಹೋದ್ಯೋಗಿಯ ಕೈಗೆ ಕೊಡಿ. ಅವರ ನಂಬರನ್ನು ಮನೆಯವರಿಗೆ ಕೊಡಿ. ಭಾನುವಾರ ಮಧ್ಯಾಹ್ನದಿಂದ ಫೋನ್ ಸಿಗದೇ ಇರಬಹುದು, ಅದಕ್ಕೆ ಗಾಬರಿ ಬೇಡ ಅಂತ ಮೊದಲೇ ಹೇಳಿಬಿಡಿ. ಮಂಗಳವಾರ ಅಲ್ಲಿನ ಸಂಜೆ ಏಳಕ್ಕೆ, ಅಂದರೆ ಇಲ್ಲಿನ ರಾತ್ರಿ ಹತ್ತೂವರೆಗೆ, ನಿಮ್ಮಿಂದ ಮೆಸೇಜ್ ಬಾರದಿದ್ದರೆ ಮಾತ್ರ ಆ ಸಹೋದ್ಯೋಗಿಗೆ ಫೋನ್ ಮಾಡಲಿ. ಅವರು ಮೊದಲು ಹಟ್‌ಗೆ ಕೇಳಲಿ, ಬೆಳಿಗ್ಗೆ ಎಷ್ಟಕ್ಕೆ ಹೊರಟರು ಅಂತ. ಆಮೇಲೆ ಅಗತ್ಯ ಅನಿಸಿದರೆ 112.